ಹೇಳಿಕೊಟ್ಟ ಮಾತು

ಮೊದಲ ಸಲ ಅವನು ಅದನ್ನು ಹೇಳಿದ್ದು ಕಾರಿನಲ್ಲಿ. ಪೊಲೀಸ್ ಠಾಣೆಯಿಂದ ಮನೆಗೆ ಬರುವಾಗ, ಹಿಂದಿನ ಸೀಟಿನಲ್ಲಿ ತಾಯಿಯ ಪಕ್ಕ ಕೂತು, ಕಿಟಕಿಯ ಗಾಜಿಗೆ ಹಣೆ ಒತ್ತಿಕೊಂಡು. ಹೇಳಿದ ಅನ್ನುವುದಕ್ಕಿಂತ ಕಾರಿಕೊಂಡ ಅನ್ನಬೇಕು. ನಡುವಿನಿಂದ ಶುರುಮಾಡಿ, ಹಿಂದಕ್ಕೆ ಹೋಗಿ, ಮತ್ತೆ ಮುಂದಕ್ಕೆ ಬಂದು, ‘ಇಲ್ಲ ಇಲ್ಲ, ಅದು ಆಮೇಲೆ’ ಎಂದು ತನ್ನನ್ನು ತಾನೇ ತಿದ್ದಿಕೊಂಡು.

ಸಂಗತಿ ಇಷ್ಟು. ಶಾಲೆ ಬಿಟ್ಟ ಮೇಲೆ ಇವನು, ಗುಂಗುರು ಕೂದಲಿನ ಒಬ್ಬ ಗೆಳೆಯ, ಎಲ್ಲರೂ ಉದ್ದಣ್ಣ ಎಂದು ಕರೆಯುವ ಇನ್ನೊಬ್ಬ, ಮೂವರೂ ಸೇರಿ ಮುಚ್ಚಿಹೋದ ಬಸ್ ಡಿಪೋದ ಹಿಂದೆ ನಿಂತು ಅದರ ಗಾಜಿನ ಚಾವಣಿಗೆ ಕಲ್ಲು ಎಸೆದಿದ್ದರು. ಒಳಗೆ ಯಾರೂ ಇಲ್ಲ ಅಂದುಕೊಂಡಿದ್ದರು. ಒಳಗೆ ಕಾವಲುಗಾರ ಕುರ್ಚಿ ಹಾಕಿಕೊಂಡು ಕೂತಿದ್ದ. ಮೇಲಿನಿಂದ ಬಿದ್ದ ಗಾಜು ಅವನ ಮುಖ ಸೀಳಿತ್ತು. ಒಂದು ಕಣ್ಣು ಉಳಿಯುತ್ತದೋ ಇಲ್ಲವೋ ಆಸ್ಪತ್ರೆಯವರು ಇನ್ನೂ ಹೇಳಿರಲಿಲ್ಲ. ಮೂವರ ಮೇಲೂ ಎರಡು ಆರೋಪ ಬಿದ್ದಿದ್ದವು: ಸ್ವತ್ತಿಗೆ ಹಾನಿ, ತೀವ್ರ ಗಾಯ.

“ಆಮೇಲೆ ಅವ್ರಿಬ್ರೂ ಓಡಿದ್ರು. ನಾನೂ ಓಡ್ದೆ. ಆಮೇಲೆ ವಾಪಸ್ ಹೋದೆ. ಗೇಟ್ ಹತ್ತಿ... ಒಳಗೆ ಅವ್ರು...”

“ಒಳಗೆ ಹೋದ್ಯಾ?” ಎಂದಳು ತಾಯಿ.

ಆ ಪ್ರಶ್ನೆಯಲ್ಲಿ ಏನಿತ್ತೋ. ಹುಡುಗ ಗಾಜಿನಿಂದ ಹಣೆ ತೆಗೆದು ಅವಳ ಮುಖ ನೋಡಿದ.

“ಇಲ್ಲ.”

“ಸರಿಯಾಗಿ ಹೇಳು ಮರಿ. ಹೋದ್ಯಾ, ಇಲ್ವಾ?”

“ಹೋಗ್ಲಿಲ್ಲ.”

ಕಾರು ಓಡಿಸುತ್ತಿದ್ದವನು ಅವಳ ತಮ್ಮ. ಡ್ರೈವಿಂಗ್ ಸ್ಕೂಲ್ ನಡೆಸುವವನು. ಕನ್ನಡಿಯಲ್ಲಿ ಇಬ್ಬರನ್ನೂ ನೋಡಿ, “ಬಿಡಕ್ಕ, ಹುಡುಗ ಮೊದ್ಲು ಉಸಿರು ಬಿಡ್ಲಿ” ಎಂದ. ಆಮೇಲೆ ಅಳಿಯನಿಗೆ, “ಹಸಿವಾಗಿದ್ಯೇನಪ್ಪ ಅಳಿಯ ದೇವ್ರೇ?” ಎಂದು ಕೇಳಿದ. ಹುಡುಗ ತಲೆಯಾಡಿಸಿದ. ಹೌದು ಎಂದೋ ಇಲ್ಲ ಎಂದೋ ತಿಳಿಯಲಿಲ್ಲ.

ತಾಯಿಗೆ ಕೆಲಸ ನಗರದ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ. ಬೇರೆ ಬೇರೆ ಬಡಾವಣೆಗಳ ನಲ್ಲಿಗಳಿಂದ ಬಾಟಲಿಗಳು ಬರುತ್ತವೆ. ಒಂದೊಂದನ್ನೂ ಮೂರು ಸಲ ಪರೀಕ್ಷಿಸಬೇಕು. ಮೂರೂ ಸಲ ಒಂದೇ ಅಳತೆ ಬಂದರೆ ಅದು ನಂಬಬಹುದಾದ ಅಳತೆ. ಎರಡು ಒಂದೇ ಬಂದು ಮೂರನೆಯದು ಎಲ್ಲೋ ದೂರ ನಿಂತರೆ ಕೈತಪ್ಪಾಗಿದೆ ಎಂದರ್ಥ; ಅದನ್ನು ಬಿಟ್ಟು ಮತ್ತೊಮ್ಮೆ ಮಾಡಬೇಕು. ಹೊಸಬರಿಗೆಲ್ಲ ಅವಳು ಕಲಿಸುವ ಮೊದಲ ಪಾಠ ಇದು. ನೀರಿನ ವಿಷಯದಲ್ಲಿ ಅದು ಅವಳನ್ನು ಎಂದೂ ಕೈಬಿಟ್ಟಿರಲಿಲ್ಲ.

ವಕೀಲರು, ಚಿಕ್ಕ ವಯಸ್ಸಿನ ಹೆಂಗಸು, ತಮ್ಮ ಕಚೇರಿಯಲ್ಲಿ ಕೂರಿಸಿಕೊಂಡು ಬಿಡಿಸಿ ಹೇಳಿದರು. ಕೇಸು ಮುಗಿಯುವುದಕ್ಕೆ ವರ್ಷವೇ ಹಿಡಿಯಬಹುದು. ಅಲ್ಲಿಯವರೆಗೆ ಹುಡುಗ ಮನೆಯಲ್ಲಿರಬೇಕೋ ರಿಮ್ಯಾಂಡ್ ಹೋಮಿಗೆ ಹೋಗಬೇಕೋ ಎಂದು ಮಕ್ಕಳ ಕೋರ್ಟು ತೀರ್ಮಾನಿಸುತ್ತದೆ. ಅದಕ್ಕೆ ಮೊದಲು ಪರಿವೀಕ್ಷಣಾಧಿಕಾರಿ, ಅಂದರೆ ಪ್ರೊಬೇಷನ್ ಆಫೀಸರ್, ಹುಡುಗನ ಜೊತೆ ಮಾತಾಡಿ ವರದಿ ಕೊಡುತ್ತಾರೆ. ಕೋರ್ಟು ಸಾಮಾನ್ಯವಾಗಿ ಆ ವರದಿಯ ಮಾತು ಮೀರುವುದಿಲ್ಲ.

“ಏನು ಕೇಳ್ತಾರೆ?” ಎಂದು ಅವಳು ವಿಚಾರಿಸಿದಳು.

“ಏನಾಯ್ತು ಅಂತ ಕೇಳ್ತಾರೆ. ಗೊಂದಲ ಮಾಡ್ಕೊಳ್ದೆ ಹೇಳಿದ್ರೆ ಸಾಕು.”

ಗೊಂದಲ ಮಾಡಿಕೊಳ್ಳದೆ. ಆ ಎರಡು ಪದಗಳನ್ನು ಹಿಡಿದುಕೊಂಡು ಅವಳು ಮನೆಗೆ ಬಂದಳು. ಗಂಡ ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ ಮಾಡುವವನು. ಬಂದರು ಮುಟ್ಟುವವರೆಗೆ ಇಳಿಯುವಂತಿಲ್ಲ. ಕಡಿದು ಕಡಿದು ಬರುವ ಫೋನಿನಲ್ಲಿ ಅವನು, “ನೀನಿದ್ದೀಯಲ್ಲ” ಎಂದ. ಧೈರ್ಯ ಹೇಳಲೆಂದೇ ಅವನು ಆಡಿದ ಮಾತು ಅವಳ ಎದೆಯ ಮೇಲೆ ಕಲ್ಲಿನಂತೆ ಕೂತಿತು.

ಅಂದಿನಿಂದ ಊಟದ ಮೇಜಿನಲ್ಲಿ ಅಭ್ಯಾಸ ಶುರುವಾಯಿತು. ಅವಳು ಎದುರಿಗೆ ಕೂತು ಕೇಳುವಳು, ಅವನು ಹೇಳುವನು. ಹಿಂದೆಮುಂದೆ ಆದದ್ದನ್ನು ಅವಳು ಸಾಲಾಗಿ ಜೋಡಿಸಿದಳು. ‘ಅನ್ಸುತ್ತೆ’ ಎಂಬುದನ್ನು ತೆಗೆಸಿದಳು. ಕಲ್ಲುಗಳ ವಿಷಯ ಬಂದಾಗ, ಮೂವರೂ ಒಟ್ಟಿಗೆ ಎಸೆದದ್ದರಿಂದ ಯಾರ ಕಲ್ಲು ಎಲ್ಲಿ ಬಿತ್ತೆಂದು ತಿಳಿಯುವಂತಿಲ್ಲ ಎಂದಳು. ತರ್ಕಕ್ಕೆ ಅದು ಸರಿಯಾಗಿಯೇ ಇತ್ತು. ವಾಪಸ್ ಹೋದ ಮಾತು ಒಮ್ಮೆ ಬಂದಿತ್ತು, ಆಮೇಲೆ ಅವನೇ ಇಲ್ಲ ಅಂದಿದ್ದ. ದೂರ ನಿಂತ ಅಳತೆ. ಅದನ್ನು ಬಿಟ್ಟುಬಿಟ್ಟಳು. ವಾಕ್ಯ ಸರಿಬಂದಾಗಲೆಲ್ಲ ಅವಳು ಗೋಣಾಡಿಸುವಳು. ಅದು ಕಂಡ ಮೇಲೆ ಅವನು ಮುಂದಿನ ವಾಕ್ಯಕ್ಕೆ ಹೋಗುವನು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಮೂರು ಸಲ ಹೇಳಿದರೆ ಮೂರು ಸಲವೂ ಒಂದೇ ಬಂತು. ಬಂಧನವಾದ ದಿನದಿಂದ ಮೊದಲ ಬಾರಿಗೆ ಅವಳಿಗೆ ಸ್ವಲ್ಪ ನಿದ್ದೆ ಹತ್ತಿತು.

ಪರಿವೀಕ್ಷಣಾಧಿಕಾರಿಯ ಕೋಣೆ ಕೋರ್ಟಿನ ಹಿಂಬದಿಯ ಮಹಡಿಯಲ್ಲಿತ್ತು. ಒಂದು ಮೇಜು, ದಾರ ಕಟ್ಟಿದ ಕಡತಗಳ ಎರಡು ಗುಡ್ಡೆ, ಬಾಗಿಲು ಪೂರ್ತಿ ಮುಚ್ಚದ ಕಬ್ಬಿಣದ ಬೀರು, ಕಿಟಕಿಯಲ್ಲಿ ಪ್ಲಾಸ್ಟಿಕ್ ಕುಂಡದ ಗಿಡ. ನಿವೃತ್ತಿಗೆ ಹತ್ತಿರವಾದ ಆ ಮನುಷ್ಯನಿಗೆ ನೆಗಡಿಯಾಗಿತ್ತು. ಕರವಸ್ತ್ರ ಮಡಿಸಿ ಪಕ್ಕಕ್ಕಿಟ್ಟು, “ಹೇಳಪ್ಪ, ಏನಾಯ್ತು ಅವತ್ತು?” ಎಂದರು.

ಹುಡುಗ ಒಮ್ಮೆ ತಾಯಿಯ ಕಡೆ ತಿರುಗಿ ಶುರುಮಾಡಿದ. ಶಾಲೆ, ಡಿಪೋ, ಕಲ್ಲು, ಚಾವಣಿ. “ನಾವು ಮೂವರೂ ಒಟ್ಟಿಗೆ ಎಸೆದ ಕಾರಣ ಯಾರ ಕಲ್ಲು ಎಲ್ಲಿ ಬಿತ್ತೆಂದು ತಿಳಿಯುವಂತಿರಲಿಲ್ಲ. ಗಾಜು ಒಡೆದ ಶಬ್ದ ಕೇಳಿಸಿತು. ನನಗೆ ಭಯವಾಯಿತು. ನಾನು ಮನೆಯ ಕಡೆ ಹೊರಟೆ.”

ಅವಳು ತನಗರಿವಿಲ್ಲದೆ ಗೋಣಾಡಿಸಿದಳು.

“ಆಮೇಲೆ?”

“ನಾನು ಮನೆಯ ಕಡೆ ಹೊರಟೆ.”

“ಅದು ಹೇಳಿದ್ದೀಯ. ಭಯ ಆಯ್ತು ಅಂದ್ಯಲ್ಲ, ಹೇಗಿತ್ತು ಭಯ?”

ಆ ಪ್ರಶ್ನೆ ಅಭ್ಯಾಸದಲ್ಲಿ ಬಂದಿರಲಿಲ್ಲ. ಹುಡುಗನ ತುಟಿ ಅಲುಗಾಡಿತು, ಹೊರಬಂದದ್ದು ಮಾತ್ರ ಮತ್ತೆ ಅದೇ. “ಗಾಜು ಒಡೆದ ಶಬ್ದ ಕೇಳಿಸಿತು. ನನಗೆ ಭಯವಾಯಿತು.”

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. ಹುಡುಗನನ್ನು ಹೊರಗೆ ಬೆಂಚಿನ ಮೇಲೆ ಕೂರಲು ಹೇಳಿ, ಅವನು ಹೋದ ಮೇಲೆ ಅವಳ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ.

“ನೀವು ಟೀಚರಾ ಅಮ್ಮ?”

“ಅಲ್ಲ ಸರ್. ನೀರಿನ ಲ್ಯಾಬು.”

“ಬಹಳ ಚೆನ್ನಾಗಿ ಕಲಿಸಿದ್ದೀರಿ. ಮನೇಲಿ ಎಷ್ಟು ಸಲ ಹೇಳಿಸಿದ್ರಿ?” ಉತ್ತರಕ್ಕೆ ಕಾಯದೆ ಅವರೇ ಮುಂದುವರಿಸಿದರು. “ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದೂರ ಬರುತ್ತೆ? ಒಬ್ಬ ಮನುಷ್ಯನ ಕಣ್ಣು ಹೋಗೋ ಹಾಗಿದೆ. ಈ ಹುಡುಗ ನನ್ನ ಮುಂದೆ ಪಾಠ ಒಪ್ಪಿಸ್ತಾನೆ. ಇದನ್ನ ಇದ್ದ ಹಾಗೇ ಬರೆದ್ರೆ ಏನಾಗುತ್ತೆ ಗೊತ್ತಾ? ಪಶ್ಚಾತ್ತಾಪ ಇಲ್ಲ, ಮನೆಯವ್ರೇ ಸುಳ್ಳು ಕಲಿಸ್ತಾರೆ, ಇಂಥ ಮನೆಯಲ್ಲಿ ಬಿಡೋದು ಬೇಡ ಅಂತಾಗುತ್ತೆ.”

“ಸುಳ್ಳು ಕಲಿಸಿಲ್ಲ ಸರ್. ಅವನು ಹೇಳಿದ್ದನ್ನೇ...”

“ಇರಬಹುದು. ಗುರುವಾರ ಇನ್ನೊಂದು ಸಲ ಕರ್ಕೊಂಡು ಬನ್ನಿ. ಶನಿವಾರ ಕೋರ್ಟು, ಅದಕ್ಕಿಂತ ತಡ ಮಾಡೋಕಾಗಲ್ಲ. ಅಲ್ಲಿವರೆಗೆ ಈ ವಿಷಯ ಅವನ ಹತ್ರ ಮಾತಾಡ್ಬೇಡಿ.” ಅವರು ಸೀನಿದರು. “ಏನೂ ಮಾತಾಡ್ಬೇಡಿ.”

ಮನೆಗೆ ಬಂದ ಮೇಲೆ ಹುಡುಗ ಊಟದ ಮೇಜಿನ ಹತ್ತಿರವೇ ಹೋಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು, “ಅಮ್ಮ, ನಾನು ತಪ್ಪು ಹೇಳಿದ್ನಾ?” ಎಂದ.

“ಇಲ್ಲ ಕಣೋ.”

“ಮತ್ತೆ ಗುರುವಾರ ಬೇರೆ ಥರ ಹೇಳ್ಬೇಕಾ?”

ಅವಳು ಕೈಯಲ್ಲಿದ್ದ ತಟ್ಟೆಯನ್ನು ತೊಳೆಯುತ್ತಲೇ ಇದ್ದಳು. “ನಿನಗೆ ಹೇಗೆ ನೆನಪಿದ್ಯೋ ಹಾಗೆ ಹೇಳು.”

“ನಂಗೆ ಈಗ ಅದೇ ನೆನಪಿರೋದು. ಕಣ್ಣು ಮುಚ್ಚಿದ್ರೂ ಅದೇ ಬರುತ್ತೆ. ಅದರ ಹಿಂದೆ ಏನಿತ್ತು ಅಂತ ನೋಡಕ್ಕೆ ಹೋದ್ರೆ ನಿನ್ನ ಮುಖ ಬರುತ್ತೆ.”

ಅವನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಅವಳು ನಲ್ಲಿ ನಿಲ್ಲಿಸಿದಳು. ನೀರು ತುಂಬುವ ಮೊದಲು ಬಾಟಲಿಯನ್ನು ಎಷ್ಟು ಸಲ ಬೇಕಾದರೂ ತೊಳೆಯಬಹುದು. ನೀರು ತುಂಬಿದ ಮೇಲೆ ತೊಳೆದರೆ ಆ ನೀರು ಹೋಯಿತು. ಅದೇ ನಲ್ಲಿಗೆ ಮತ್ತೆ ಹಿಡಿದರೂ ಸಿಗುವುದು ಬೇರೆ ನೀರು. ಇದನ್ನು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆದರೂ ಮಗನ ಮೊದಲ ಮಾತನ್ನು ಅವಳೇ ತೊಳೆದು ಚೆಲ್ಲಿದ್ದಳು, ಚೊಕ್ಕಟವಾಗಲಿ ಎಂದು.

ಸಂಜೆ ತಮ್ಮ ಬಂದ. ಅಂದು ಡ್ರೈವಿಂಗ್ ಕಲಿಯುವ ಹುಡುಗಿಯೊಬ್ಬಳು ಕಾರನ್ನು ಚರಂಡಿಗೆ ಇಳಿಸಿದ್ದಳಂತೆ; ಅದನ್ನು ಹೇಳಿ ನಗಿಸಲು ನೋಡಿದ. ಅಕ್ಕ ನಗಲಿಲ್ಲ. ಅಧಿಕಾರಿ ಹೇಳಿದ್ದನ್ನು ಅವಳಿಂದ ಕೇಳಿಸಿಕೊಂಡು ಅವನು ಗಡ್ಡ ಕೆರೆದುಕೊಂಡ.

“ಅವತ್ತು ಕಾರಲ್ಲಿ ವಾಪಸ್ ಹೋದೆ ಅಂದಿದ್ನಲ್ಲ ಅಕ್ಕ. ಗೇಟ್ ಹತ್ತಿದೆ ಅಂದ.”

“ಆಮೇಲೆ ಅವನೇ ಇಲ್ಲ ಅಂದ.”

“ನೀನು ಕೇಳಿದ ರೀತಿಗೆ ನಾನಾಗಿದ್ರೂ ಇಲ್ಲ ಅಂತಿದ್ದೆ. ನನ್ನ ಗುಂಡಿಗೆನೇ ಹಾರ್ತು, ಇನ್ನು ಅವನದು.” ತಮ್ಮ ದನಿ ತಗ್ಗಿಸಿದ. “ಕರೆದು ನೆನಪಿಸ್ಲಾ? ನಾನು ಹೇಳಿದ್ರೆ ಬೇಜಾರು ಮಾಡ್ಕೊಳ್ಳಲ್ಲ. ‘ನೀನು ಹೋಗಿದ್ದೆ ಕಣೋ, ಅದನ್ನ ಹೇಳ್ಬಿಡು’ ಅಂತ ಒಂದೇ ಮಾತು.”

ಅವಳಿಗೂ ಮಧ್ಯಾಹ್ನದಿಂದ ಅದೇ ತುಡಿತ. ಕೋಣೆಯ ಬಾಗಿಲವರೆಗೆ ಎರಡು ಸಲ ಹೋಗಿ ಬಂದಿದ್ದಳು. ವಕೀಲರಿಗೆ ಫೋನು ಮಾಡಿದಳು. ಒಳಗೆ ಹೋಗಿದ್ದೇ ನಿಜವಾದರೆ ಅದು ಎರಡು ಬಾಯಿಯ ಕತ್ತಿ ಎಂದರು. ಮರುಕದಿಂದ ಹೋದ ಎಂದೂ ಹೇಳಬಹುದು, ಅತಿಕ್ರಮ ಪ್ರವೇಶ ಎಂದೂ ಹೇಳಬಹುದು. “ಆದ್ರೆ ಒಂದು ತಿಳ್ಕೊಳ್ಳಿ. ನೀವು ಕಲಿಸಿದ್ದು ಅಂತ ಇನ್ನೊಂದು ಸಲ ಅನ್ನಿಸಿದ್ರೆ, ಅದು ನಿಜವಾಗಿದ್ರೂ ಯಾರೂ ನಂಬಲ್ಲ.”

“ಹಾಗಾದ್ರೆ ನಾನೇನು ಮಾಡ್ಲಿ?”

“ಏನೂ ಮಾಡ್ಬೇಡಿ.”

ಎಲ್ಲರೂ ಇದೊಂದನ್ನೇ ಹೇಳುತ್ತಿದ್ದರು. ಏನೂ ಮಾಡದೆ ಇರುವುದು ಎಷ್ಟು ದೊಡ್ಡ ಕೆಲಸವೆಂದು ಅವಳಿಗೆ ಮುಂದಿನ ದಿನಗಳಲ್ಲಿ ತಿಳಿಯಿತು. ಪ್ರಯೋಗಾಲಯದಲ್ಲಿ ಒಂದು ಬಾಟಲಿಗೆ ಎರಡು ಸಲ ಚೀಟಿ ಅಂಟಿಸಿದಳು. ಮನೆಯಲ್ಲಿ ಮಗ ಎದುರು ಬಂದಾಗ ಹವಾಮಾನದ ಮಾತಾಡಿದಳು. ರಿಮ್ಯಾಂಡ್ ಹೋಮಿನಲ್ಲಿ ಎಂಥ ಹುಡುಗರಿರುತ್ತಾರೆ, ದೀಪ ಆರಿಸುತ್ತಾರೋ ಉರಿಯಲು ಬಿಡುತ್ತಾರೋ, ಇವನು ಮಗ್ಗುಲಾಗಿ ಮಲಗಿದರೆ ಮಾತ್ರ ನಿದ್ದೆ ಬರುತ್ತದೆಂದು ಅಲ್ಲಿ ಯಾರಿಗೆ ಗೊತ್ತು ಎಂದೆಲ್ಲ ಯೋಚನೆ ಹರಿಯುತ್ತಿರುವಾಗ ಬಾಯಲ್ಲಿ “ಇವತ್ತು ಸೆಕೆ ಜಾಸ್ತಿ” ಎಂದು ಬರುತ್ತಿತ್ತು. ಬುಧವಾರ ಹುಡುಗ ಅವಳನ್ನೇ ನೋಡಿ, “ಅಮ್ಮ, ನೀನು ಹೀಗಿದ್ರೆ ಇನ್ನೂ ಭಯ ಆಗುತ್ತೆ, ಏನಾದ್ರೂ ಬೈ” ಎಂದ. ಅವಳು ಅವನ ಒದ್ದೆ ಟವೆಲ್ಲಿನ ವಿಷಯಕ್ಕೆ ಬೈದಳು. ಇಬ್ಬರಿಗೂ ಸ್ವಲ್ಪ ಹಗುರವಾಯಿತು.

ಗುರುವಾರ ಅಧಿಕಾರಿಯ ನೆಗಡಿ ಎದೆಗಿಳಿದಿತ್ತು. “ತಾಯಿ ಒಳಗಿರಬಹುದು, ಕಾಯಿದೆ ಹಾಗೆ ಹೇಳುತ್ತೆ. ಹಿಂದೆ ಕೂತ್ಕೊಳ್ಳಿ” ಎಂದು ಬೀರುವಿನ ಪಕ್ಕದ ಕುರ್ಚಿ ತೋರಿಸಿದರು. ಹುಡುಗ ಮೇಜಿನ ಮುಂದೆ ಕೂತ. ಅಂಗಿಯ ಕಾಲರಿನ ಮೇಲೆ ಅವನ ಕತ್ತು ಸಣ್ಣದಾಗಿ ಕಂಡಿತು.

“ಹೇಳಪ್ಪ. ಎಲ್ಲಿಂದ ಬೇಕಾದ್ರೂ ಶುರುಮಾಡು.”

“ಶಾಲೆ ಬಿಟ್ಟ ನಂತರ ನಾವು ಮೂವರೂ...” ಎಂದು ಶುರುಮಾಡಿ ನಿಂತ. ಅದು ಹಳೆಯ ದಾರಿ ಎಂದು ಅವನಿಗೇ ಗೊತ್ತಾಯಿತು. ಮತ್ತೆ ಪ್ರಯತ್ನಿಸಿದ, ಮತ್ತೆ ಅದೇ ವಾಕ್ಯ ಬಂತು. ಕಿವಿ ಕೆಂಪಾದವು. ಅಧಿಕಾರಿ ಕಾದರು. ಕೆಳಗಿನ ಬೀದಿಯಲ್ಲಿ ಯಾರೋ ಲಾರಿಯನ್ನು ಹಿಂದಕ್ಕೆ ಬಿಡಿಸುತ್ತಿದ್ದರು, “ಬರ್ಲಿ ಬರ್ಲಿ ಬರ್ಲಿ” ಎನ್ನುವ ಕೂಗು ಮೇಲಿನವರೆಗೂ ಬರುತ್ತಿತ್ತು.

ಹುಡುಗ ಹಿಂದಕ್ಕೆ ತಿರುಗಿ ತಾಯಿಯನ್ನು ನೋಡಿದ.

ಅವಳ ಗೋಣು ಆಗಲೇ ಅಲುಗಿತ್ತು. ಅದನ್ನು ಅರ್ಧಕ್ಕೆ ತಡೆದಳು. ಅವನು ಇನ್ನೂ ನೋಡುತ್ತಿದ್ದ, ಮುಂದೆ ಯಾವುದು ಎಂದು ಕೇಳುವಂತೆ. ಆಗ ಅವಳಿಗೆ ಸ್ಪಷ್ಟವಾಯಿತು: ಬಾಯಿ ಮುಚ್ಚಿ ಕೂತರೆ ಸಾಲದು. ತಾನು ಈ ಕೋಣೆಯಲ್ಲಿರುವ ತನಕ ಅವನು ಹುಡುಕುವುದು ನಡೆದದ್ದನ್ನಲ್ಲ, ತನ್ನ ಮುಖವನ್ನು. ಅವಳು ಎದ್ದಳು.

“ನಾನು ಹೊರಗಿರ್ತೀನಿ ಸರ್.” ಮಗನಿಗೆ, “ಇಲ್ಲೇ ಬೆಂಚಿನ ಮೇಲಿರ್ತೀನಿ ಮರಿ. ನೀನು ಏನು ಹೇಳಿದ್ರೂ ಇಲ್ಲೇ ಇರ್ತೀನಿ” ಎಂದಳು.

ಬಾಗಿಲು ಹಾಕಿಕೊಂಡಿತು. ಮೊದಲು ಒಳಗಿನಿಂದ ಏನೂ ಕೇಳಿಸಲಿಲ್ಲ. ಅಷ್ಟು ಹೊತ್ತು ಏನೂ ಕೇಳಿಸದಿದ್ದಾಗ, ಮಾಡಿದ್ದು ಸರಿಯೋ ತಪ್ಪೋ, ಹುಡುಗನನ್ನು ನೀರಿಗೆ ದೂಡಿ ದಡದಲ್ಲಿ ಕೂತೆನೋ ಎಂದು ಅವಳು ಬಾಗಿಲನ್ನೇ ನೋಡಿದಳು. ತಮ್ಮ ಮೆಟ್ಟಿಲು ಹತ್ತಿ ಬಂದು ಪಕ್ಕ ಕೂತ. “ಒಳಗೆ ಬಿಡ್ಲಿಲ್ವಾ?” ಎಂದ. “ನಾನೇ ಬಂದೆ” ಎಂದಳು.

ಆಮೇಲೆ ಮಗನ ದನಿ ಕೇಳಿಸಿತು. ಪದಗಳು ತಿಳಿಯುತ್ತಿರಲಿಲ್ಲ. ಒಂದಿಷ್ಟು ವೇಗವಾಗಿ ಬಂದು ನಿಲ್ಲುವುದು, ಮತ್ತೆ ಸಣ್ಣಗೆ ಶುರುವಾಗುವುದು. ಒಮ್ಮೆ ಅಧಿಕಾರಿಯ ಕೆಮ್ಮು, ಒಮ್ಮೆ ಕುರ್ಚಿ ಎಳೆದ ಸದ್ದು. ನಡುವೆ ಅಳುವಿನಂಥದ್ದೇನೋ. ಅವಳ ಕಾಲು ತಾನಾಗಿ ನೆಲಕ್ಕೆ ಊರಿ ಏಳಲು ಹೊರಟಿತು. ತಮ್ಮ ಅವಳ ಮೊಣಕೈ ಹಿಡಿದ.

ಹುಡುಗ ಹೊರಗೆ ಬಂದಾಗ ಮುಖ ತೊಳೆದವನಂತಿದ್ದ. ಮಾವನ ಜೊತೆ ಕೆಳಗಿಳಿದು ಹೋದ. ಅಧಿಕಾರಿ ಬಾಗಿಲಲ್ಲೇ ನಿಂತು ಅವಳಿಗೆ ಹೇಳಿದರು.

“ಮನೆಯಲ್ಲೇ ಇರ್ಲಿ ಅಂತ ಬರೀತೀನಿ. ವಾರಕ್ಕೊಂದು ಸಲ ನನ್ನ ಹತ್ರ ಬರ್ಬೇಕು. ಕಾವಲುಗಾರನಿಗೆ ಗಾಯವಾದ ಮೇಲೆ ಇವನು ಒಳಗೆ ಹೋಗಿದ್ದ. ಆ ಮನುಷ್ಯ ನೀರು ಕೇಳಿದ್ದಕ್ಕೆ ತನ್ನ ಬಾಟಲಿ ಕೊಟ್ಟು, ಜನ ಬರೋ ಸದ್ದಾಗೋ ತನಕ ಕೈ ಹಿಡ್ಕೊಂಡು ಕೂತಿದ್ದ. ಆಸ್ಪತ್ರೇಲಿ ಆ ಮನುಷ್ಯನೂ ಇದನ್ನೇ ಹೇಳಿದಾನೆ, ಯಾರೋ ಹುಡುಗ ಅಂತ. ಪೊಲೀಸಿನವ್ರಿಗೆ ಅದು ಯಾರು ಅಂತ ಗೊತ್ತಾಗಿರ್ಲಿಲ್ಲ.”

ಅವಳು ಮಗ ಇಳಿದುಹೋದ ಮೆಟ್ಟಿಲಿನ ಕಡೆ ತಿರುಗಿದಳು.

“ನಿಲ್ಲಿ, ಪೂರ್ತಿ ಕೇಳಿ. ಅವನಿಗೆ ಒಳ್ಳೇದಾಗದ ಇನ್ನೊಂದು ವಿಷಯಾನೂ ಹೇಳಿದಾನೆ. ಅದನ್ನೂ ಬರೀಬೇಕಾಗುತ್ತೆ. ವಿಚಾರಣೆಯಲ್ಲಿ ಅದು ಭಾರ ಆಗುತ್ತೆ.”

“ಏನು ಸರ್ ಅದು?”

“ಅವನೇ ಹೇಳ್ಲಿ.”

ಶನಿವಾರ ಕೋರ್ಟಿನಲ್ಲಿ ನ್ಯಾಯಾಧೀಶೆ ವರದಿ ಓದಿ ಮುಗಿಸುವ ತನಕ ಅವಳು ಮುಂದಿನ ಬೆಂಚಿನ ಅಂಚನ್ನು ಹಿಡಿದುಕೊಂಡೇ ಇದ್ದಳು. ಎರಡು ದಿನದಿಂದ ಅವಳು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ. ನ್ಯಾಯಾಧೀಶೆ ಹಾಳೆ ತಿರುಗಿಸಿ, ಕನ್ನಡಕದ ಮೇಲಿನಿಂದ ಹುಡುಗನನ್ನು ನೋಡಿ, ಮತ್ತೆ ಹಿಂದಿನ ಹಾಳೆಗೆ ಹೋದರು. ಕೊನೆಗೆ, ಕೇಸು ಮುಗಿಯುವವರೆಗೆ ಮನೆಯಲ್ಲಿರಬಹುದು ಎಂದರು. ಡಿಪೋದ ಕಡೆ ಸುಳಿಯಬಾರದು, ಮತ್ತಿಬ್ಬರೊಂದಿಗೆ ಸೇರಬಾರದು. “ತಿಳೀತಾ?” ಎಂದು ಕೇಳಿದಾಗ ಅವನು, “ತಿಳೀತು ಮೇಡಂ. ಅವ್ರ ಕಣ್ಣು ಹೇಗಿದೆ?” ಎಂದ. ವಕೀಲರು ಅವನ ತೋಳು ಮುಟ್ಟಿದರು. ನ್ಯಾಯಾಧೀಶೆ, “ಇನ್ನೂ ಗೊತ್ತಿಲ್ಲ” ಎಂದಷ್ಟೇ ಹೇಳಿ ಮುಂದಿನ ಕಡತ ತೆಗೆದುಕೊಂಡರು.

ತಮ್ಮನಿಗಾಗಿ ಡ್ರೈವಿಂಗ್ ಕಲಿಯುವವರು ಕಾದಿದ್ದರು. ತಾಯಿ ಮಗ ನಡೆದುಕೊಂಡು ಬಸ್ ನಿಲ್ದಾಣಕ್ಕೆ ಬಂದರು. ಮಧ್ಯಾಹ್ನದ ಬಿಸಿಲಿಗೆ ನಿಲ್ದಾಣದ ತಗಡು ಕಾದಿತ್ತು. ಅವರ ಬಸ್ಸು ಬಂತು. ಹುಡುಗ ಹತ್ತಲಿಲ್ಲ. ಅವಳೂ ಹತ್ತಲಿಲ್ಲ.

“ಒಟ್ಟಿಗೆ ಎಸೀಲಿಲ್ಲ ಅಮ್ಮ” ಎಂದ. “ಮೊದ್ಲು ಅವ್ರಿಬ್ರು ಎಸೆದ್ರು. ತಾಗ್ಲಿಲ್ಲ. ನಕ್ಕರು. ನಾನು ಕೊನೇಲಿ ಎಸೆದೆ. ನಂದೇ ಒಡೆದಿದ್ದು. ಒಡೆದಾಗ... ಒಂದು ಕ್ಷಣ ಖುಷಿ ಆಯ್ತು.”

ಅವಳ ತಲೆಯಲ್ಲಿ ಪ್ರಶ್ನೆಗಳು ಸಾಲುಗಟ್ಟಿದವು. ನಿನ್ನದೇ ಅಂತ ಹೇಗೆ ಗೊತ್ತು, ಎಷ್ಟು ದೂರದಲ್ಲಿದ್ದೆ, ಬೆಳಕು ಹೇಗಿತ್ತು. ಒಂದೊಂದೂ ಅವನ ಮಾತನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಬಲ್ಲದು, ಅವನನ್ನು ಬಿಡಿಸಬಲ್ಲದು. ವಿಚಾರಣೆ ಇನ್ನೂ ಮುಂದಿದೆ. ಕಣ್ಣು ಹೋದರೆ? ಈ ಮಾತಿನಿಂದಲೇ ಅವನು ವರ್ಷಗಟ್ಟಲೆ ಒಳಗೆ ಹೋದರೆ?

“ವಕೀಲರಿಗೆ ಗೊತ್ತಾ?” ಎಂದು ಮಾತ್ರ ಕೇಳಿದಳು.

“ವರದೀಲಿ ಓದಿರ್ತಾರೆ. ನಾನಾಗಿ ಹೇಳಿಲ್ಲ.” ಅವನು ಚಪ್ಪಲಿಯ ತುದಿಯಿಂದ ನೆಲ ಕೆದಕಿದ. “ನೀನೇ ಹೇಳ್ತೀಯಾ?”

ಅವಳು ಫೋನು ತೆಗೆದು ವಕೀಲರ ನಂಬರು ಒತ್ತಿ, ಗಂಟೆ ಹೋಗುತ್ತಿರುವಾಗಲೇ ಅದನ್ನು ಅವನ ಕೈಗಿಟ್ಟಳು. ಅವನು ಗಾಬರಿಯಿಂದ ಅದನ್ನು ಕಿವಿಗಿಟ್ಟುಕೊಂಡು, “ಹಲೋ, ನಾನು... ಅಮ್ಮ ಅಲ್ಲ, ನಾನು” ಎಂದು ತಡವರಿಸಿದ.

ಅವಳು ನಿಲ್ದಾಣದ ಇನ್ನೊಂದು ತುದಿಗೆ ಹೋಗಿ, ಅವನು ಕಣ್ಣೆತ್ತಿದರೆ ಕಾಣುವಷ್ಟು ಹತ್ತಿರದಲ್ಲಿ, ಅವನಿಗೆ ಬೆನ್ನು ಮಾಡಿ ನಿಂತಳು.